ನೇತ್ರಾಣಿ: ತಿಳಿನೀರಿನ ನಡುವಿನ ಹವಳದ ನೆಲೆ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಎದ್ದು ನಿಂತ ಬಂಡೆಗಲ್ಲಿನ ದ್ವೀಪ ನೇತ್ರಾಣಿ. ಇಲ್ಲಿ ಊರಿಲ್ಲ, ವಸತಿಗೃಹವಿಲ್ಲ. ಇಂಗ್ಲಿಷ್ ನಕಾಶೆಗಳು ಇದನ್ನು ಪಾರಿವಾಳಗಳ ದ್ವೀಪವೆಂದು ಕರೆದಿವೆ.

ಮುಂಬಯಿಯ ಬೊರಿವಲಿ ಪಕ್ಕದ ಗೋರಾಯಿಯಲ್ಲಿ ಕಡಲ ನೀರು ಕೆಸರಿನ ಬಣ್ಣದ್ದು. ಅದೇ ಸಮುದ್ರ ನೇತ್ರಾಣಿಯ ಸುತ್ತ ತಳ ಕಾಣುವಷ್ಟು ತಿಳಿಯಾಗಿರುವುದಕ್ಕೆ ಕಾರಣ ದೂರ. ನದಿಗಳು ಮಳೆಗಾಲದಲ್ಲಿ ಹೊತ್ತು ತರುವ ಮಣ್ಣು ಬಹುಪಾಲು ದಡದ ಸಮೀಪವೇ ತಂಗುತ್ತದೆ. ಹವಳದ ಜೀವಿಗೆ ಅಂಟಿಕೊಳ್ಳಲು ಗಟ್ಟಿ ನೆಲೆ ಬೇಕು, ಬಿಸಿಲೂ ಬೇಕು. ಅದರ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಆ ಬಿಸಿಲಿನಿಂದ ಆಹಾರ ತಯಾರಿಸಿ ಅದನ್ನು ಸಾಕುತ್ತದೆ. ಕಲಕು ನೀರಿನಲ್ಲಿ ಇದು ಸಾಗದು. ನೇತ್ರಾಣಿಯ ಮುಳುಗಿದ ಬಂಡೆಗಳ ಮೇಲೆ ಹವಳ ಬೆಳೆದಿರುವುದರಿಂದಲೇ ಗಿಳಿಮೀನು, ಚಿಟ್ಟೆಮೀನು, ಬರಾಕುಡ, ಕಡಲಾಮೆಗಳು ಅಲ್ಲಿ ಸೇರುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಇಂಥ ಜಾಗಗಳು ತೀರ ವಿರಳ.

ದ್ವೀಪದ ಮೇಲ್ಭಾಗ ಹಕ್ಕಿಗಳದ್ದು. ಬಿಳಿಹೊಟ್ಟೆಯ ಕಡಲ ಹದ್ದು ಎತ್ತರದ ಮರಗಳಲ್ಲಿ ಗೂಡು ಕಟ್ಟಿದರೆ, ಗುಹೆಗಳಲ್ಲಿ ಜೊಲ್ಲು ಬೆರೆಸಿ ಗೂಡು ಕಟ್ಟುವ ಪುಟ್ಟ ಬಾನಾಡಿಗಳಿವೆ. ಮೀನುಗಾರರು ಜಟ್ಟಿಗ ದೈವಕ್ಕೆ ಹರಕೆಯಾಗಿ ಬಿಟ್ಟ ಆಡುಗಳು ಕಾಡುಬಿದ್ದು ಅಲ್ಲೇ ಮೇಯುತ್ತವೆ. ನೌಕಾಪಡೆ ಹಿಂದೆ ಇದನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡಿತ್ತು; ಪರಿಸರಪ್ರಿಯರು ಅದನ್ನು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ಪ್ರವಾಸಿಗರು ದ್ವೀಪಕ್ಕೆ ಇಳಿಯುವಂತಿಲ್ಲ. ದೋಣಿ ಹತ್ತಿರದಲ್ಲೇ ನಿಲ್ಲುತ್ತದೆ, ನೋಡಬೇಕಾದದ್ದನ್ನು ನೀರಿನೊಳಗೇ ನೋಡಬೇಕು.

ಈಜು ಬಾರದವರೂ ಉಸಿರಾಟದ ಸಲಕರಣೆ ತೊಟ್ಟು ತರಬೇತುದಾರರ ಜೊತೆ ಮುಳುಗಬಹುದು. ಮೊದಲ ಸಲದವರನ್ನು 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುವುದರಿಂದ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಸಡಿಲವಾಗುತ್ತದೆ. ನೀರಿನಡಿಯಲ್ಲಿ ಉಸಿರು ಕಟ್ಟಬಾರದು, ನೆಗಡಿಯಿದ್ದಾಗ ಇಳಿಯಬಾರದು. ಹವಳವನ್ನು ಮುಟ್ಟುವುದಂತೂ ಸಲ್ಲದು: ಅದು ಬೆಳೆಯುವುದು ಬಹಳ ನಿಧಾನ, ಮುರಿಯಲು ಒಂದು ಒದೆತ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುವುದರಿಂದ ಡೈವಿಂಗ್ ನಡೆಯುವುದಿಲ್ಲ. ಮುಂಬಯಿಯಿಂದ ಹೋಗುವವರಿಗೆ ಲೋಕಮಾನ್ಯ ತಿಲಕ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅನುಕೂಲ. ಅದು ಮುರುಡೇಶ್ವರದಲ್ಲೇ ನಿಲ್ಲುತ್ತದೆ. ಮರಳುವಾಗಲೂ ರೈಲೇ ಒಳ್ಳೆಯದು. ಮುಳುಗಿದಾಗ ದೇಹದಲ್ಲಿ ಕರಗಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಅಪಾಯ ತರಬಲ್ಲದು. ಹಾಗಾಗಿ ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು.