ಅಪ್‌ಡೇಟ್ ಬಳಿಕ ಉಬುಂಟು ತೆರೆ ಕಪ್ಪಾದರೆ ಫಾರ್ಮ್ಯಾಟ್ ಮಾಡಲೇಬೇಕೇ?

ಹೇಳಿಕೆ: ಅಪ್‌ಡೇಟ್ ಆದ ಮೇಲೆ ಡೆಸ್ಕ್‌ಟಾಪ್ ಬಾರದಿದ್ದರೆ ಫೈಲ್‌ಗಳೆಲ್ಲ ಹೋದಂತೆ, ಫಾರ್ಮ್ಯಾಟ್ ಒಂದೇ ದಾರಿ.

ವಾಸ್ತವ: ಹೆಚ್ಚಿನ ಸಂದರ್ಭಗಳಲ್ಲಿ ಇದು ತಪ್ಪು.

ನಿಮ್ಮ ಫೋಟೋ, ದಾಖಲೆಗಳು ಇರುವುದು 'ಹೋಮ್' ಫೋಲ್ಡರ್‌ನಲ್ಲಿ. ಅಪ್‌ಡೇಟ್ ಬದಲಿಸುವುದು ಸಿಸ್ಟಂ ಸಾಫ್ಟ್‌ವೇರನ್ನು, ಅವುಗಳನ್ನಲ್ಲ. ಅವನ್ನು ನಿಜವಾಗಿ ಅಳಿಸುವುದು ಗಾಬರಿಯಲ್ಲಿ ಮಾಡುವ ಫಾರ್ಮ್ಯಾಟ್.

ತೆರೆ ಏಕೆ ಕಪ್ಪಾಗುತ್ತದೆ?

ಹೊಸ ಕರ್ನಲ್‌ಗೆ ಗ್ರಾಫಿಕ್ಸ್ ಡ್ರೈವರ್ ಹೊಂದದಿರುವುದು (ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ ಇದು ಹೆಚ್ಚು ಪರಿಚಿತ), ಡಿಸ್ಕ್ ತುಂಬಿರುವುದು, ಇಲ್ಲವೇ ಕರೆಂಟ್ ಹೋಗಿ ಅಪ್‌ಡೇಟ್ ಅರ್ಧಕ್ಕೆ ನಿಂತಿರುವುದು ಸಾಮಾನ್ಯ ಕಾರಣಗಳು.

ಏನು ಮಾಡಬೇಕು?

1. ರೀಸ್ಟಾರ್ಟ್ ಮಾಡಿ. ಕಂಪನಿಯ ಲೋಗೋ ಮರೆಯಾಗುತ್ತಿದ್ದಂತೆ ಎಸ್ಕೇಪ್ ಕೀ ಒಮ್ಮೆ ಒತ್ತಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಗ್ರಬ್ ಮೆನು ಬರುತ್ತದೆ.

2. 'ಅಡ್ವಾನ್ಸ್‌ಡ್ ಆಪ್ಷನ್ಸ್' ಆರಿಸಿ. ಉಬುಂಟು ಸಾಮಾನ್ಯವಾಗಿ ಹಿಂದಿನ ಕರ್ನಲ್ಲನ್ನೂ ಉಳಿಸಿಕೊಂಡಿರುತ್ತದೆ, ಅದರಿಂದ ಆರಂಭಿಸಿ. ಡೆಸ್ಕ್‌ಟಾಪ್ ಬಂದರೆ ದೋಷ ಹೊಸ ಕರ್ನಲ್ ಅಥವಾ ಡ್ರೈವರ್‌ನದು. ಮೊದಲು ಬ್ಯಾಕಪ್ ಮಾಡಿ, ನಂತರ 'ಅಡಿಷನಲ್ ಡ್ರೈವರ್ಸ್'ನಲ್ಲಿ ಡ್ರೈವರ್ ಬದಲಿಸಿ.

3. ಬಾರದಿದ್ದರೆ ಅದೇ ಪಟ್ಟಿಯ 'ರಿಕವರಿ ಮೋಡ್'ಗೆ ಹೋಗಿ. 'ಕ್ಲೀನ್' ಜಾಗ ತೆರವು ಮಾಡಲು ಯತ್ನಿಸುತ್ತದೆ. 'ಡಿಪಿಕೆಜಿ' ಅರ್ಧಕ್ಕೆ ನಿಂತ ಅಪ್‌ಡೇಟ್ ಸರಿಪಡಿಸುತ್ತದೆ.

4. ಯಾವುದೂ ಫಲಿಸದಿದ್ದರೆ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆರಂಭಿಸಿ, 'ಟ್ರೈ ಉಬುಂಟು' ಆರಿಸಿ, ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಬೇಕು.

ನಮ್ಮ ತೀರ್ಮಾನ: ಕಪ್ಪು ತೆರೆ ಎಂದರೆ ಡೆಸ್ಕ್‌ಟಾಪ್ ಬಂದಿಲ್ಲ ಎಂದಷ್ಟೇ. ಫಾರ್ಮ್ಯಾಟ್ ಕೊನೆಯ ಹೆಜ್ಜೆ, ಅದೂ ನಕಲು ಮಾಡಿಕೊಂಡ ಮೇಲೆ. ಫಾರ್ವರ್ಡ್‌ನಲ್ಲಿ ಬಂದ ಕಮಾಂಡ್ ಏನು ಮಾಡುತ್ತದೆಂದು ತಿಳಿಯದೆ ಟೈಪ್ ಮಾಡಬೇಡಿ, ಇತರರಿಗೂ ಕಳಿಸಬೇಡಿ.