ಕ್ಯೂಸೆಕ್ ಬಲ್ಲವರಿಗೆ ಮೆಗಾಬಿಟ್ ಕಷ್ಟವೇ?

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ಗಂಗಾವತಿಯ ರೈತರಿಗೆ ಎರಡು ಅಳತೆಗಳು ಚಿರಪರಿಚಿತ. ಜಲಾಶಯದಲ್ಲಿ ನಿಂತ ನೀರಿಗೆ ಟಿಎಂಸಿ ಅಡಿ. ಕಾಲುವೆಯಲ್ಲಿ ಹರಿಯುವ ನೀರಿಗೆ ಕ್ಯೂಸೆಕ್. ದಿನವಿಡೀ ಸುಮಾರು 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಅಡಿ ಖಾಲಿ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಈ ಲೆಕ್ಕದ ಬೆಲೆ ಏನೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಇಷ್ಟು ಲೆಕ್ಕ ಬಲ್ಲ ಜನರೇ ಅಂತರ್ಜಾಲ ಸಂಪರ್ಕ ಪಡೆಯುವಾಗ ಮೋಸಹೋಗುತ್ತಿದ್ದಾರೆ. ಅಲ್ಲಿಯೂ ನಿಂತದ್ದಕ್ಕೆ ಒಂದು ಅಳತೆ, ಹರಿಯುವುದಕ್ಕೆ ಇನ್ನೊಂದು. ಕಡತದ ಗಾತ್ರವನ್ನೂ ಮೊಬೈಲಿನ ದಿನದ ಡೇಟಾ ಮಿತಿಯನ್ನೂ ಬೈಟ್‌ಗಳಲ್ಲಿ ಎಣಿಸುತ್ತಾರೆ. ವೇಗವನ್ನು ಮಾತ್ರ ಸೆಕೆಂಡಿಗೆ ಇಷ್ಟು ಬಿಟ್ ಎಂದು ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು 100 ಮೆಗಾಬೈಟ್ ಅಲ್ಲ, ಹೆಚ್ಚೆಂದರೆ 12.5 ಮೆಗಾಬೈಟ್. ಮಾಹಿತಿಯ ಜೊತೆ ಸಾಗುವ ವಿಳಾಸ, ತಪಾಸಣೆಯ ಅಂಕಿಗಳೂ ಅದರಲ್ಲಿ ಪಾಲು ಪಡೆಯುವುದರಿಂದ, ಎಂಟರ ಬದಲು ಹತ್ತರಿಂದ ಭಾಗಿಸಿದರೆ ವಾಸ್ತವಕ್ಕೆ ಹತ್ತಿರವಾದ ಅಂದಾಜು ಸಿಗುತ್ತದೆ.

ಈ ಇಬ್ಬಗೆ ಯಾರದೋ ಸಂಚೇನೂ ಅಲ್ಲ. ತಂತಿಯಲ್ಲಿ ಸಂಕೇತಗಳು ಒಂದರ ಹಿಂದೊಂದು ಸಾಗುವುದರಿಂದ ಸಂಪರ್ಕ ತಂತ್ರಜ್ಞರು ಬಿಟ್‌ಗಳನ್ನು ಎಣಿಸಿದರು. ಆ ಪದವನ್ನು 1948ರ ಪ್ರಬಂಧದಲ್ಲಿ ಬಳಕೆಗೆ ತಂದವರು ಕ್ಲಾಡ್ ಶಾನನ್. ಅಕ್ಷರಗಳನ್ನು ಗುಂಪಾಗಿ ಕೂಡಿಡುವ ಗಣಕಯಂತ್ರದವರಿಗೆ ದೊಡ್ಡ ಮಾನ ಬೇಕಾಯಿತು. 1956ರಲ್ಲಿ ಐಬಿಎಂನ ವರ್ನರ್ ಬುಖೋಲ್ಜ್ ಅದಕ್ಕೆ ಬೈಟ್ ಎಂದು ಹೆಸರಿಟ್ಟರು. ಆದರೆ ದೊಡ್ಡ ಅಂಕಿ ತೋರಿಸುವ ಅಳತೆಯೇ ಮಾರುವವರಿಗೆ ಪ್ರಿಯವೆಂಬುದನ್ನು ಮರೆಯುವಂತಿಲ್ಲ.

ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ, ಪ್ರತಿ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್ ಸಂಪರ್ಕ. ಅದನ್ನು ಏಕಕಾಲಕ್ಕೆ 20 ಮಂದಿ ಹಂಚಿಕೊಂಡರೆ ತಲಾ 5 ಮೆಗಾಬಿಟ್. 50 ಮೆಗಾಬೈಟಿನ ಒಂದು ಪಾಠ ಇಳಿಯಲು 80 ಸೆಕೆಂಡು ಬೇಕು. ಎರಡು ಅಳತೆಗಳನ್ನು ಒಂದೇ ಎಂದುಕೊಂಡವರು ಹತ್ತೇ ಸೆಕೆಂಡು ನಿರೀಕ್ಷಿಸುತ್ತಾರೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸರ್ಕಾರ 2023ರಲ್ಲಿ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿತು. ಆ ವೇಗದಲ್ಲಿ ಅದೇ ಪಾಠಕ್ಕೆ 3 ನಿಮಿಷ 20 ಸೆಕೆಂಡು ಕಾಯಬೇಕು.

ಕನ್ನಡ ಓದುಗನಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಚಿಕ್ಕ ‘ಬಿ’ ಎಂದರೆ ಬಿಟ್, ದೊಡ್ಡ ‘ಬಿ’ ಎಂದರೆ ಬೈಟ್. ನಮ್ಮ ಲಿಪಿಯಲ್ಲಿ ಚಿಕ್ಕಕ್ಷರ, ದೊಡ್ಡಕ್ಷರಗಳ ಭೇದವಿಲ್ಲ, ಎರಡೂ ‘ಎಂಬಿ’ಯೇ. ಭೇದ ಅಚ್ಚಿನಲ್ಲಿಯೇ ಅಳಿಸಿಹೋಗುತ್ತದೆ. ನಮ್ಮ ಅಕ್ಷರಗಳು ಜಾಗವನ್ನೂ ಹೆಚ್ಚು ಬೇಡುತ್ತವೆ: ‘ಕೊಪ್ಪಳ’ ಎಂಬ ಹೆಸರು ಇಂಗ್ಲಿಷ್ ಲಿಪಿಯಲ್ಲಿ 6 ಬೈಟ್, ಅಂದರೆ 48 ಬಿಟ್ ಆದರೆ, ಬಹುಬಳಕೆಯ ಯುಟಿಎಫ್-8 ಸಂಕೇತಕ್ರಮದ ಕನ್ನಡದಲ್ಲಿ 18 ಬೈಟ್, 144 ಬಿಟ್.

ಪರಿಹಾರ ದುಬಾರಿಯಲ್ಲ. ಪತ್ರಿಕೆಗಳು, ಪಠ್ಯಪುಸ್ತಕಗಳು, ಸೇವಾ ಕಂಪೆನಿಗಳ ಕನ್ನಡ ಜಾಹೀರಾತುಗಳು ‘ಎಂಬಿ’ ಎಂಬ ಮೊಟಕು ರೂಪವನ್ನು ಬಿಟ್ಟು ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿಯಾಗಿ ಬರೆಯಲಿ. ಕಾಲುವೆಯ ಕೊನೆಯ ಗದ್ದೆಗೆ ಎಷ್ಟು ನೀರು ತಲುಪಿತು ಎಂದು ಕೇಳುವ ರೈತ, ತನ್ನ ಮಗಳ ಮೊಬೈಲಿಗೆ ಎಷ್ಟು ಪಾಠ ತಲುಪಿತು ಎಂದೂ ಕೇಳುವಂತಾಗಬೇಕು. ಕೇಳಲು ಮೊದಲು ಅಳತೆ ತಿಳಿದಿರಬೇಕು.