ಬಡ ಗರ್ಭಿಣಿಯರಿಗೆ ಧನಸಹಾಯವೂ ನವಜಾತ ಶಿಶುವಿನ ಆರೋಗ್ಯವೂ

ಹೆರಿಗೆಯೆಂಬುದು ಹೆಣ್ಣಿಗೆ ಪುನರ್ಜನ್ಮವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೂಸಿನ ಪಾಲಿಗೂ ಆ ಗಳಿಗೆ ಅಷ್ಟೇ ಗಂಡಾಂತರದ್ದು. ಹುಟ್ಟಿದಂದಿನಿಂದ 28 ದಿನಗಳವರೆಗಿನ ಅವಧಿಯಲ್ಲಿ ಮಗುವಿನ ಜೀವಕ್ಕೆ ಇರುವಷ್ಟು ಅಪಾಯವು ಮುಂದೆ ಬಾಲ್ಯದ ಯಾವ ತಿಂಗಳಿನಲ್ಲಿಯೂ ಇರುವುದಿಲ್ಲ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜೇರುವುದು, ಇವೇ ಹಸುಗೂಸುಗಳ ಮರಣಕ್ಕೆ ಮುಖ್ಯ ಕಾರಣಗಳು. ಬಡ ಗರ್ಭಿಣಿಯ ಕೈಗೆ ಸರ್ಕಾರವು ಹಣವನ್ನು ಕೊಟ್ಟರೆ ಇವು ಎಷ್ಟರಮಟ್ಟಿಗೆ ತಪ್ಪುವುವು ಎಂಬುದನ್ನು ನಾವು ಈಗ ವಿಚಾರಮಾಡೋಣ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಇಂತಹ ಹಣಕ್ಕೆ ಎರಡು ಬೇರೆ ಬೇರೆ ಉದ್ದೇಶಗಳುಂಟು. ಹೆಂಗಸು ಮನೆಯಲ್ಲಿ ಹೆರದೆ ಆಸ್ಪತ್ರೆಗೆ ಬರುವಂತೆ ಮಾಡುವುದು ಒಂದು. ಬಸುರಿನಲ್ಲಿಯೂ ಬಾಣಂತನದಲ್ಲಿಯೂ ಆಕೆ ಕೂಲಿಯನ್ನು ಬಿಟ್ಟು, ಉಂಡು, ವಿಶ್ರಮಿಸುವಂತೆ ಮಾಡುವುದು ಮತ್ತೊಂದು. ಮೊದಲನೆಯದು ಒಂದು ದಿನದ ಪ್ರಯಾಣದ ವೆಚ್ಚ. ಎರಡನೆಯದು ಹಲವು ತಿಂಗಳ ಜೀವನ. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದರೆ ಸಹಾಯವು ತನ್ನ ಗುರಿಯನ್ನು ಮುಟ್ಟಲಾರದು.

ಮೊದಲನೆಯ ಉದ್ದೇಶಕ್ಕಾಗಿ ಭಾರತ ಸರ್ಕಾರವು 2005ರಲ್ಲಿ ಜನನಿ ಸುರಕ್ಷಾ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆಯ ಹೆರಿಗೆ ವಿರಳವಾಗಿದ್ದ ಬಿಹಾರ, ಉತ್ತರ ಪ್ರದೇಶ ಮೊದಲಾದ ಕಡೆ ಗ್ರಾಮದ ತಾಯಿಗೆ 1400 ರೂಪಾಯಿಗಳೂ, ನಮ್ಮ ಕರ್ನಾಟಕದಂತಹ ಕಡೆಗಳಲ್ಲಿ ಬಡವರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಗ್ರಾಮದಲ್ಲಿ 700, ಪಟ್ಟಣದಲ್ಲಿ 600 ರೂಪಾಯಿಗಳೂ ಗೊತ್ತಾದುವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 39 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದುವು. 2019-21ರ ಹೊತ್ತಿಗೆ ಅವು ಸುಮಾರು 89ಕ್ಕೆ ಏರಿದುವು. ಇದು ಹಣವೊಂದರಿಂದಲೇ ಆಯಿತೆನ್ನಲಾಗದಾದರೂ, ಹಣದ ಪಾತ್ರವು ಅಲ್ಪವಲ್ಲ.

ಆದರೆ ಆಸ್ಪತ್ರೆಯ ಬಾಗಿಲನ್ನು ತಲುಪಿದ ಮಾತ್ರಕ್ಕೆ ಕೂಸು ಉಳಿಯುವುದೆ? ಅದೇ ಅವಧಿಯಲ್ಲಿ ಆಸ್ಪತ್ರೆಯ ಹೆರಿಗೆಗಳು ಎರಡು ಪಟ್ಟಿಗೂ ಮಿಗಿಲಾದುವು. ನವಜಾತ ಶಿಶುಗಳ ಮರಣವು ಮಾತ್ರ ಸಾವಿರಕ್ಕೆ 39ರಿಂದ ಸುಮಾರು 25ಕ್ಕೆ ಇಳಿಯಿತು. ಈ ಇಳಿತವು ಸಂತೋಷಕರವೇ ಸರಿ. ಆದರೆ ಆ ಏರಿಕೆಗೆ ತಕ್ಕಷ್ಟಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ 2010ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಈ ಹಣದಿಂದ ಶಿಶುಮರಣವು ಸ್ವಲ್ಪ ತಗ್ಗಿರಬಹುದೆಂದು ಹೇಳಿ, ಅತ್ಯಂತ ಬಡವರಿಗೂ ಓದುಬರಹವಿಲ್ಲದವರಿಗೂ ಸಹಾಯವು ಎಲ್ಲೆಡೆಯೂ ಮೊದಲು ತಲುಪಿರಲಿಲ್ಲವೆಂಬುದನ್ನೂ ತೋರಿಸಿತು. ಹಣವು ತಾಯಿಯನ್ನು ಬಾಗಿಲಿಗೆ ತರಬಲ್ಲುದು. ಬಾಗಿಲಿನ ಒಳಗೆ ನುರಿತ ದಾದಿ, ಉಸಿರಾಡದ ಕೂಸಿಗೆ ಉಸಿರು ಹಿಡಿಸುವ ಉಪಕರಣ, ಶುಚಿತ್ವ, ಬೆಚ್ಚಗಿನ ಆರೈಕೆ ಇವುಗಳಿಲ್ಲದಿದ್ದರೆ ಅಷ್ಟು ದೂರ ಬಂದ ಶ್ರಮವೆಲ್ಲ ವ್ಯರ್ಥ.

ಇನ್ನು ಎರಡನೆಯ ಉದ್ದೇಶ. ತಾಯಿಯು ಹೊಟ್ಟೆತುಂಬ ಉಣ್ಣದೆ ಒಂಬತ್ತನೆಯ ತಿಂಗಳವರೆಗೂ ಕಲ್ಲು ಮಣ್ಣು ಹೊತ್ತರೆ, ಹುಟ್ಟುವ ಕೂಸು ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಗುವ ಸಂಭವ ಹೆಚ್ಚು. ತೂಕ ಕಡಮೆಯಾದ ಕೂಸಿಗೆ ಮೈ ತಣ್ಣಗಾಗುವ ಭಯವೂ ನಂಜಿನ ಭಯವೂ ಅಧಿಕ. ಇದನ್ನರಿತೇ 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನವು ಗರ್ಭಿಣಿಯರಿಗೂ ಬಾಣಂತಿಯರಿಗೂ 6000 ರೂಪಾಯಿಗಳಿಗೆ ಕಡಮೆಯಿಲ್ಲದ ನೆರವು ಸಲ್ಲತಕ್ಕದ್ದೆಂದು ವಿಧಿಸಿತು. ಆದರೆ 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಮೊದಲನೆಯ ಮಗುವಿಗೆ ಮಾತ್ರ 5000 ರೂಪಾಯಿಗಳನ್ನು ಗೊತ್ತುಮಾಡಿ, ಜನನಿ ಸುರಕ್ಷೆಯ ಹಣವನ್ನು ಕೂಡಿಕೊಂಡರೆ ಸರಾಸರಿ 6000 ಆಗುವುದೆಂದು ಲೆಕ್ಕವನ್ನು ಸರಿದೂಗಿಸಿತು. ನಾವು ಮೊದಲು ಹೇಳಿದ ಭೇದವು ಇಲ್ಲಿ ಅಳಿಸಿಹೋಯಿತು. ಆಸ್ಪತ್ರೆಗೆ ಹೋಗುವ ಖರ್ಚೇ ಅನ್ನದ ಖರ್ಚೂ ಆಯಿತು! ಎರಡನೆಯ ಮಗು ಹೆಣ್ಣಾದರೆ 6000 ರೂಪಾಯಿಗಳೆಂದು 2022ರಿಂದ ಸೇರಿಸಿದರು. ಆದರೆ ಅದು ದೊರೆಯುವುದು ಹೆರಿಗೆಯಾದ ಮೇಲೆ. ಗರ್ಭದಲ್ಲಿರುವಾಗ ಬೇಕಾಗಿದ್ದ ಅನ್ನವನ್ನು ಹುಟ್ಟಿದ ಮೇಲೆ ಬಂದ ಹಣದಿಂದ ಕೊಳ್ಳುವುದು ಸಾಧ್ಯವೆ?

ಮೊತ್ತವನ್ನೂ ತೂಗಿನೋಡೋಣ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿಗಳಿದ್ದಿತು. ಆ ಲೆಕ್ಕದಲ್ಲಿ 5000 ರೂಪಾಯಿಗಳೆಂದರೆ ಹದಿನಾಲ್ಕು ದಿನಗಳ ಕೂಲಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಮಾಡುವ ಸಂಸ್ಥೆಗಳಲ್ಲಿನ ಉದ್ಯೋಗಸ್ಥ ಹೆಂಗಸಿಗಾದರೋ, 2017ರ ತಿದ್ದುಪಡಿಯ ಅನಂತರ, ಮೊದಲೆರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯುಂಟು. ಹೊಲದಲ್ಲಿ ದುಡಿಯುವವಳ ಕೂಸಿಗೆ ತಾಯಿಯ ಹಾಲೂ ಮಡಿಲೂ ಬೇಕಾದ ಕಾಲ ಇದಕ್ಕಿಂತ ಕಡಮೆಯೆ?

ಇದಕ್ಕಿಂತ ಮೇಲಾದ ಮಾದರಿಗಳು ನಮ್ಮ ಸಮೀಪದಲ್ಲಿಯೇ ಇವೆ. ತಮಿಳುನಾಡು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ 1987ರಲ್ಲಿಯೇ ಈ ನೆರವನ್ನು ಆರಂಭಿಸಿ, 2018ರಲ್ಲಿ ಅದನ್ನು ಪೌಷ್ಟಿಕ ಪದಾರ್ಥಗಳೂ ಸೇರಿ 18,000 ರೂಪಾಯಿಗಳಿಗೆ ಏರಿಸಿತು. ಕರ್ನಾಟಕವು 2017ರಲ್ಲಿ ಮಾತೃಪೂರ್ಣ ಯೋಜನೆಯ ಮೂಲಕ ಅಂಗನವಾಡಿಯಲ್ಲಿಯೇ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟವನ್ನು ಬಡಿಸಲಾರಂಭಿಸಿತು. ಹಣವಾದರೆ ಮನೆಯ ಸಾಲಕ್ಕೆ ಹೋದೀತು. ಬಡಿಸಿದ ಅನ್ನವು ಆಕೆಯ ಹೊಟ್ಟೆಯನ್ನೇ ಸೇರುವುದು. ಎರಡೂ ಜೊತೆಗಿರುವುದು ಲೇಸು.

ಸರ್ಕಾರದ ಕರ್ತವ್ಯದ ಜೊತೆಗೆ ಮನೆಯವರ ಕರ್ತವ್ಯವೂ ಉಂಟು. ಬಸುರು ನಿಂತುದು ತಿಳಿದೊಡನೆ ಹೆಸರನ್ನು ಬರೆಸಿ ತಾಯಿ ಕಾರ್ಡನ್ನು ಪಡೆಯಬೇಕು. ತಡವಾದರೆ ತಪಾಸಣೆಯೂ ತಪ್ಪುವುದು, ಹಣವೂ ತಪ್ಪುವುದು. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಮೊಲೆಹಾಲನ್ನು ಕುಡಿಸಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಅದರ ಮೊದಲ ರಕ್ಷೆ. ತೂಕ ಕಡಮೆಯಾದ ಕೂಸನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ, ಅಪ್ಪಿಸಿಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೂ 42 ದಿನಗಳೊಳಗೆ ಆರು ಸಲ ಆಶಾ ಕಾರ್ಯಕರ್ತೆಯು ಮನೆಗೆ ಬಂದು ಕೂಸನ್ನು ನೋಡತಕ್ಕದ್ದು. ಆಕೆಯನ್ನು ಆದರದಿಂದ ಬರಮಾಡಿಕೊಂಡು ಆಕೆಯ ಮಾತಿಗೆ ಕಿವಿಗೊಡಬೇಕು.

ಗರ್ಭಿಣಿಗೆ ಸಲ್ಲುವ ಹಣವನ್ನು ಭಿಕ್ಷೆಯೆಂದು ಯಾರೂ ಭಾವಿಸಬಾರದು. ಅದು ಹುಟ್ಟಲಿರುವ ಪ್ರಜೆಯ ಮೊದಲನೆಯ ಹಕ್ಕು. ಅದು ಸಾಕಷ್ಟಿರಬೇಕು, ಸಕಾಲಕ್ಕೆ ಬರಬೇಕು, ಆಕೆಯ ಕೈಯನ್ನೇ ಸೇರಬೇಕು.